ಕುರಿತು ಓದುವ ಕಥೆಗಾರ: ಓದಿನಿಂದ ತಿದ್ದುವಿಕೆಯವರೆಗೆ ಹವ್ಯಾಸಿಗಳಿಗೊಂದು ಮಾರ್ಗದರ್ಶಿ

ಕನ್ನಡಿಗರು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ನಮ್ಮನ್ನು ಹೊಗಳಿಟ್ಟಿದೆ. ಕುರಿತು ಓದದೆಯೇ ಕಾವ್ಯ ಕಟ್ಟುವ ಜಾಣರಂತೆ ನಾವು. ಹೆಮ್ಮೆಯ ಮಾತೇ ಸರಿ, ಆದರೆ ಹವ್ಯಾಸಿ ಕಥೆಗಾರರು ಅದನ್ನು ಓದಿನಿಂದ ಸಿಕ್ಕ ರಜೆಯ ಚೀಟಿ ಎಂದುಕೊಂಡಂತಿದೆ. ನಾನಂತೂ ಹಾಗೆಯೇ ಎಂದುಕೊಂಡಿದ್ದೆ. ಕಚೇರಿ ಮುಗಿಸಿ ಬಂದು, ರಾತ್ರಿ ಕೂತು, ಏಳೆಂಟು ವರ್ಷ ಕಥೆ ಬರೆದೆ. ಒಂದೇ ಉಸಿರಿಗೆ ಬರೆದು, ಕಾಗುಣಿತ ನೋಡಿ, ಮರುದಿನವೇ ಅಂಚೆಗೆ ಹಾಕುತ್ತಿದ್ದೆ. ‘ಸ್ಥಳಾವಕಾಶದ ಕೊರತೆಯಿಂದ’ ಎಂಬ ಮುದ್ರಿತ ಚೀಟಿಗಳು ಒಂದು ಚಪ್ಪಲಿ ಡಬ್ಬಿ ತುಂಬುವಷ್ಟಾದವು. ಆ ಕಥೆಗಳನ್ನು ಈಗ ತೆಗೆದು ಓದಿದರೆ ಸಂಪಾದಕರ ಸೌಜನ್ಯಕ್ಕೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಹಾಗೆಂದು ಓದುತ್ತಿರಲಿಲ್ಲವೇ? ಓದುತ್ತಿದ್ದೆ. ವಾರಕ್ಕೊಂದು ಪುಸ್ತಕ ಮುಗಿಯುತ್ತಿತ್ತು. ಅದು ಬಸ್ಸಿನ ಕಿಟಕಿಯಿಂದ ಊರು ನೋಡಿದಂಥ ಓದು. ಊರು ಹಿಂದಕ್ಕೆ ಸರಿಯುತ್ತಿತ್ತು; ಯಾವ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬೇರೆಯವರ ಕಥೆಯಲ್ಲಿ ಬಾಗಿಲು ಕಾಣದವನಿಗೆ ತನ್ನ ಕಥೆಗೆ ಬಾಗಿಲೇ ಇಲ್ಲದಿರುವುದು ಹೇಗೆ ಕಂಡೀತು? ತಿದ್ದುವುದೂ ಓದಿನ ಕೆಲಸವೇ, ನಮ್ಮದನ್ನು ಪರರದ್ದೆಂಬಂತೆ ಓದುವ ಕೆಲಸ. ಹಾಗಾಗಿ ಇಲ್ಲಿ ಓದಿನ ಬಗ್ಗೆ ಒಂದಿಷ್ಟು, ತಿದ್ದುವುದರ ಬಗ್ಗೆ ಬಹಳಷ್ಟು ಇದೆ. ಬರೆಯುವುದರ ಬಗ್ಗೆ ಹೇಳುವುದು ತೀರ ಕಡಿಮೆ.

ಮೊದಲ ಹೆಜ್ಜೆ: ಒಂದು ಕಥೆಯನ್ನು ಮೂರು ಸಲ ಓದಿ

ನಿಮಗೆ ನಿಜವಾಗಿ ಇಷ್ಟವಾದ ಒಂದು ಸಣ್ಣಕಥೆಯನ್ನು ಆರಿಸಿಕೊಳ್ಳಿ. ಹತ್ತು ಪುಟ ದಾಟದಿರಲಿ. ಎಲ್ಲರೂ ಮೆಚ್ಚಿದ್ದು ಎಂಬ ಕಾರಣಕ್ಕೆ ಆರಿಸಬೇಡಿ. ಓದಿದ ಮೇಲೆ ಎರಡು ದಿನ ಕಾಡಿದ್ದು ಯಾವುದೋ ಅದೇ ಆಗಲಿ.

ಮೊದಲ ಓದು ಸುಮ್ಮನೆ. ಪೆನ್ಸಿಲ್ ಮುಟ್ಟಬೇಡಿ. ಎಲ್ಲಿ ಗಂಟಲು ಕಟ್ಟಿತು, ಎಲ್ಲಿ ನಗು ಬಂತು, ಎಲ್ಲಿ ಮೊಬೈಲ್ ಕಡೆಗೆ ಕೈ ಹೋಯಿತು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಎರಡನೆಯ ಓದು ಮರುದಿನ, ಪೆನ್ಸಿಲ್ ಹಿಡಿದು. ಕಾಲ ಹಿಂದೆ ಮುಂದೆ ಜಿಗಿಯುವ ಜಾಗಕ್ಕೆ ಗೆರೆ ಹಾಕಿ. ಇದನ್ನೆಲ್ಲ ನೋಡುತ್ತಿರುವ ಕಣ್ಣು ಯಾರದು ಎಂದು ಅಂಚಿನಲ್ಲಿ ಬರೆಯಿರಿ. ಕಥೆಯಲ್ಲಿ ಏನೋ ಬದಲಾಯಿತು, ಇನ್ನು ಮೊದಲಿನಂತಿರಲು ಸಾಧ್ಯವಿಲ್ಲ ಅನ್ನಿಸಿದ ವಾಕ್ಯವನ್ನು ಹುಡುಕಿ. ಆ ವಾಕ್ಯ ಬಹುತೇಕ ಚಿಕ್ಕದಾಗಿರುತ್ತದೆ, ತೀರ ಸಾಧಾರಣವಾಗಿರುತ್ತದೆ. ನಿನ್ನೆ ಗಂಟಲು ಕಟ್ಟಿದ ಜಾಗಕ್ಕೆ ಹೋಗಿ ನೋಡಿದರೆ ಅಲ್ಲಿ ದುಃಖದ ಮಾತೇ ಇರುವುದಿಲ್ಲ. ದುಃಖಕ್ಕೆ ಬೇಕಾದ ಸೌದೆಯನ್ನು ಎರಡು ಪುಟ ಹಿಂದೆಯೇ ಒಟ್ಟಿಟ್ಟಿರುತ್ತಾರೆ. ಆ ಸೌದೆ ಎಲ್ಲಿದೆ ಎಂದು ಹುಡುಕುವುದೇ ಎರಡನೆಯ ಓದು.

ಮೂರನೆಯದು ಕೈಬರಹದ ಓದು. ಒಂದು ಪುಟವನ್ನು, ಒಂದೇ ಒಂದು ಪುಟವನ್ನು, ಅಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಶಾಲೆಯಲ್ಲಿ ಕಾಪಿ ಬರೆಸಿದ ಹಾಗೆ. ಹಾಸ್ಯಾಸ್ಪದ ಅನ್ನಿಸಬಹುದು, ಆದರೆ ಕಣ್ಣು ಹಾರಿಸುವುದನ್ನು ಕೈ ಹಾರಿಸುವುದಿಲ್ಲ. ನೀವಾಗಿದ್ದರೆ ‘ಮತ್ತು’ ಹಾಕುತ್ತಿದ್ದ ಕಡೆ ಲೇಖಕ ಪೂರ್ಣವಿರಾಮ ಇಟ್ಟದ್ದು, ನೀವು ‘ಅವಳು’ ಎಂದು ಬರೆಯುತ್ತಿದ್ದ ಕಡೆ ಏನೂ ಬರೆಯದೆ ಬಿಟ್ಟದ್ದು ಬೆರಳಿಗೆ ಗೊತ್ತಾಗುತ್ತದೆ.

ಏನನ್ನು ಓದಬೇಕು ಎಂದು ಹೊಸಬರು ಪಟ್ಟಿ ಕೇಳುತ್ತಾರೆ. ಪಟ್ಟಿಗಿಂತ, ಕಲಿಯಬೇಕಾದ ವಿದ್ಯೆಯನ್ನು ಮೊದಲು ಹೆಸರಿಸಿಕೊಂಡು ಹುಡುಕುವುದು ಒಳ್ಳೆಯದು. ಕಥೆ ಹೇಳುವ ದನಿ ಬೇಕೇ? 1920ರಲ್ಲಿ ಬಂದ ಮಾಸ್ತಿಯವರ ಮೊದಲ ಸಂಕಲನದಿಂದ ಶುರುಮಾಡಿ. ಅವರ ಕಥೆಗಳಲ್ಲಿ ಎಷ್ಟೋ ಸಲ ಒಬ್ಬರು ಇನ್ನೊಬ್ಬರಿಗೆ ಕಥೆ ಹೇಳುತ್ತಿರುತ್ತಾರೆ, ಹೇಳುವವರ ಸ್ವಭಾವವೂ ಕಥೆಯ ಭಾಗವಾಗಿರುತ್ತದೆ. ಆಡುನುಡಿ ಕಥೆಯೊಳಗೆ ಕೂರುವ ಬಗೆ ಬೇಕೇ? ಕುಂದಾಪುರದ ಕನ್ನಡಕ್ಕೆ ವೈದೇಹಿ ಇದ್ದಾರೆ. ಆಡುನುಡಿ ಪಾತ್ರಗಳ ಮಾತಿನಿಂದ ನಿರೂಪಣೆಗೇ ಹರಿದರೆ ಏನಾಗುತ್ತದೆ ಎಂದು ತಿಳಿಯಲು ದೇವನೂರ ಮಹಾದೇವರ ಕುಸುಮಬಾಲೆ ಇದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕವನ್ನು ಮೊದಲ ಓದಿನಲ್ಲಿ ಅರ್ಥವಾಗಲಿಲ್ಲವೆಂದು ಮುಚ್ಚಿಟ್ಟವರಲ್ಲಿ ನಾನೂ ಒಬ್ಬ. ಗಟ್ಟಿಯಾಗಿ ಓದಿದಾಗ ಬಾಗಿಲು ತೆರೆಯಿತು. ಅಷ್ಟು ದೂರ ಹೋಗುವ ಧೈರ್ಯವಿದ್ದರೆ ವಡ್ಡಾರಾಧನೆಯನ್ನೂ ಇಣುಕಿ ನೋಡಿ. ನಮಗೆ ಉಳಿದು ಬಂದಿರುವ ಅತಿ ಹಳೆಯ ಕನ್ನಡ ಗದ್ಯಕೃತಿಯೇ ಹತ್ತೊಂಬತ್ತು ಕಥೆಗಳ ಪುಸ್ತಕ ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಕೆಟ್ಟ ಕಥೆಗಳನ್ನೂ ಓದಿ. ಒಳ್ಳೆಯ ಕಥೆ ತನ್ನ ಹೊಲಿಗೆಯನ್ನು ಮುಚ್ಚಿಕೊಂಡಿರುತ್ತದೆ, ಕೆಟ್ಟದ್ದು ದಾರವನ್ನೆಲ್ಲ ಹೊರಗೆ ಬಿಟ್ಟಿರುತ್ತದೆ. ಎಲ್ಲಿ ಬೇಸರವಾಯಿತು ಎಂದು ಬೆರಳಿಟ್ಟು ತೋರಿಸಲು ಬಂದರೆ ಅರ್ಧ ವಿದ್ಯೆ ಬಂದಂತೆ.

ಎರಡನೆಯ ಹೆಜ್ಜೆ: ಕದ್ದದ್ದನ್ನು ಬರೆದಿಡುವ ಪುಸ್ತಕ

ನಲವತ್ತು ರೂಪಾಯಿಯ ನೋಟ್‌ಬುಕ್ ಸಾಕು. ಕಥೆಯ ಸಾರಾಂಶ ಬರೆಯಬೇಡಿ, ಅಭಿಪ್ರಾಯವನ್ನೂ ಬರೆಯಬೇಡಿ. ಲೇಖಕ ಮಾಡಿದ ಒಂದು ಉಪಾಯವನ್ನು ಬರೆಯಿರಿ. ನನ್ನ ಪುಸ್ತಕದ ಒಂದು ನಮೂದು ಹೀಗಿದೆ: “ಅತ್ತೆಗೆ ಸಿಟ್ಟು ಬಂದಿದೆ ಎಂದು ಎಲ್ಲೂ ಇಲ್ಲ. ಕಾಫಿ ಲೋಟ ಇಡುವಾಗ ಸದ್ದು. ಎರಡನೇ ಸಲವೂ ಸದ್ದು. ಮೂರನೇ ಸಲ ಸದ್ದಿಲ್ಲದೆ ಇಟ್ಟಳು. ನನಗೆ ಭಯವಾದದ್ದು ಅಲ್ಲಿ.” ಅದು ಯಾರ ಕಥೆ ಎಂಬುದು ಈಗ ಮರೆತಿದೆ. ಉಪಾಯ ಮರೆತಿಲ್ಲ: ಎರಡು ಸಲ ಅಭ್ಯಾಸ ಮಾಡಿಸಿ ಮೂರನೆಯ ಸಲ ತಪ್ಪಿಸುವುದು. ಕದಿಯಬೇಕಾದದ್ದು ಇಂಥದ್ದನ್ನೇ. ವಾಕ್ಯ ಕದ್ದರೆ ಸಿಕ್ಕಿಬೀಳುತ್ತೀರಿ, ಉಪಾಯ ಕದ್ದರೆ ಕಥೆಗಾರರಾಗುತ್ತೀರಿ.

ಇದೇ ಪುಸ್ತಕದ ಹಿಂಬದಿಯಿಂದ ಕಿವಿಗೆ ಬಿದ್ದ ಪದಗಳನ್ನು ಬರೆಯುತ್ತಾ ಬನ್ನಿ. ಅಡುಗೆಮನೆಯ ಪದಗಳು, ಗ್ಯಾರೇಜಿನ ಪದಗಳು, ನಿಮ್ಮ ಅಜ್ಜಿಯ ಬೈಗುಳಗಳು. ‘ತಟ್ಟನೆ’, ‘ದಡಕ್ಕನೆ’, ‘ಸರಕ್ಕನೆ’ ಮೂರೂ ಒಂದೇ ಎಂದು ಬರೆಯುವವನಿಗೆ ಅನ್ನಿಸಿದರೆ ಓದುವವನಿಗೆ ಯಾವ ಸದ್ದೂ ಕೇಳಿಸುವುದಿಲ್ಲ. ಅನುಮಾನ ಬಂದಾಗ ತೆರೆಯಲು ನಿಘಂಟು ಹತ್ತಿರವಿರಲಿ. 1894ರ ಕಿಟೆಲ್ ನಿಘಂಟಿನಲ್ಲಿ ಗಾದೆಗಳೂ ಬಳಕೆಯ ಉದಾಹರಣೆಗಳೂ ಇವೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಒಳ್ಳೆಯ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಅಂತರ್ಜಾಲದಲ್ಲಿ ‘ಅಲರ್’ ಉಚಿತ.

ಮೂರನೆಯ ಹೆಜ್ಜೆ: ಬರೆದು ಮುಗಿಸಿ, ಮುಚ್ಚಿಡಿ

ಮೊದಲ ಕರಡನ್ನು ಬೇಗ ಬರೆಯಿರಿ. ಬರೆಯುತ್ತಾ ತಿದ್ದಬೇಡಿ, ಮೊದಲ ಪುಟವನ್ನು ಹದಿನೈದು ಸಲ ಚೆಂದ ಮಾಡಿ ಎರಡನೆಯ ಪುಟ ಕಾಣದೆ ಹೋದ ಕಥೆಗಳು ಎಲ್ಲರ ಬಳಿಯೂ ಇವೆ. ಹೆಸರು ಹೊಳೆಯದಿದ್ದರೆ ಖಾಲಿ ಗೆರೆ ಎಳೆದು ಮುಂದೆ ಹೋಗಿ. ಮುಗಿದ ಮೇಲೆ ಕನಿಷ್ಠ ಮೂರು ವಾರ ಅದರ ಮುಖ ನೋಡಬೇಡಿ. ದೋಸೆ ಹಿಟ್ಟನ್ನು ರುಬ್ಬಿದ ಕೂಡಲೇ ಹುಯ್ದರೆ ಏನಾಗುತ್ತದೆ ಎಂದು ಗೊತ್ತಲ್ಲ. ಆ ಮೂರು ವಾರ ಬೇರೆಯವರ ಕಥೆಗಳನ್ನು ಮೊದಲ ಹೆಜ್ಜೆಯ ಪ್ರಕಾರ ಓದುತ್ತಿರಿ.

ನಾಲ್ಕನೆಯ ಹೆಜ್ಜೆ: ಮೊದಲು ಎಲುಬು, ಆಮೇಲೆ ಚರ್ಮ

ನಾವು ತಿದ್ದುವುದನ್ನು ಕಾಗುಣಿತದಿಂದ ಶುರುಮಾಡುತ್ತೇವೆ. ಅದು ಕೆಡವಬೇಕಾದ ಗೋಡೆಗೆ ಸುಣ್ಣ ಬಳಿದಂತೆ. ಮುಂದಿನ ವಾರ ಇಡೀ ಪ್ಯಾರಾವನ್ನೇ ಕಿತ್ತುಹಾಕುವುದಾದರೆ ಅದರ ಮಹಾಪ್ರಾಣಗಳನ್ನು ಇಂದು ಸರಿಪಡಿಸಿ ಫಲವೇನು?

ಕರಡನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಪರದೆಯ ಮೇಲೆ ನಿಮ್ಮ ಕಥೆ ನಿಮ್ಮದೇ ಆಗಿರುತ್ತದೆ. ಕಾಗದಕ್ಕೆ ಬಂದಾಗ ಸ್ವಲ್ಪ ಪರಕೀಯವಾಗುತ್ತದೆ. ಪ್ರತಿ ಪ್ಯಾರಾದ ಪಕ್ಕ ಒಂದೇ ಸಾಲಿನಲ್ಲಿ, ಇಲ್ಲಿ ಏನು ನಡೆಯಿತು ಎಂದು ಬರೆಯಿರಿ. ನಡೆದದ್ದು ಏನೂ ಇಲ್ಲದಿದ್ದರೆ ‘ಏನೂ ಇಲ್ಲ’ ಎಂದೇ ಬರೆಯಿರಿ. ನನ್ನ ಹಳೆಯ ಕಥೆಯೊಂದರಲ್ಲಿ ಹದಿನಾಲ್ಕು ಪ್ಯಾರಾಗಳಿದ್ದವು; ಮೊದಲ ನಾಲ್ಕರ ಪಕ್ಕ ‘ಬೆಳಗಾಯಿತು’, ‘ಕಾಫಿ’, ‘ಬಸ್ಸು ತಡ’, ‘ಮಳೆಯ ವರ್ಣನೆ’ ಎಂದಿತ್ತು. ಕಥೆ ಶುರುವಾದದ್ದು ಐದರಿಂದ. ನಾಲ್ಕನ್ನೂ ತೆಗೆದೆ. ಕಥೆಗೆ ಏನೂ ಆಗಲಿಲ್ಲ, ಹಗುರವಾಯಿತು.

ನಮ್ಮ ಹವ್ಯಾಸಿ ಕಥೆಗಳಿಗೆ ಕೆಲವು ಊರುಗೋಲುಗಳು ರೂಢಿಯಾಗಿವೆ. ಅಲಾರಂ ಹೊಡೆಯುವುದರಿಂದ ಶುರುವಾಗುವುದು. ಬಸ್ಸಿನ ಕಿಟಕಿಗೆ ತಲೆಯಾನಿಸಿದ ಕೂಡಲೇ ಮನಸ್ಸು ಇಪ್ಪತ್ತು ವರ್ಷ ಹಿಂದಕ್ಕೆ ಓಡುವುದು. ಕಂಡಕ್ಟರ್ ‘ಇಳಿಯಿರಿ’ ಎಂದಾಗ ವಾಸ್ತವಕ್ಕೆ ಮರಳುವುದು. ಕೊನೆಯಲ್ಲಿ ಪತ್ರವೊಂದು ಸಿಕ್ಕಿ ಎಲ್ಲವೂ ಬಯಲಾಗುವುದು. ಇಲ್ಲವೇ ನಾಯಕಿಯನ್ನು ಏನು ಮಾಡಬೇಕೆಂದು ತೋಚದೆ ಬಾವಿಗೆ ದೂಡುವುದು. ಇವು ನಿಮ್ಮ ಕರಡಿನಲ್ಲಿ ಸಿಕ್ಕರೆ ನಾಚಿಕೊಳ್ಳಬೇಕಿಲ್ಲ, ಎಲ್ಲರ ಕರಡಿನಲ್ಲೂ ಇರುತ್ತವೆ. ಆದರೆ ಪ್ರತಿಯೊಂದನ್ನೂ ಕೇಳಿ: ನೀನಿಲ್ಲದೆ ಕಥೆ ನಿಲ್ಲುವುದಿಲ್ಲವೇ? ಬಾವಿಯ ವಿಷಯದಲ್ಲಿ ನನಗೆ ವಿಶೇಷ ತಕರಾರಿದೆ. ಸತ್ತ ಪಾತ್ರ ಮರುದಿನ ಬೆಳಿಗ್ಗೆ ಎದ್ದು ಒಲೆ ಹಚ್ಚಬೇಕಾಗಿಲ್ಲ. ಬದುಕಿರುವ ಪಾತ್ರ ಹಚ್ಚಬೇಕು, ಮತ್ತು ಅದನ್ನು ಬರೆಯುವುದು ಹೆಚ್ಚು ಕಷ್ಟ.

ಐದನೆಯ ಹೆಜ್ಜೆ: ಒಂದು ದೃಶ್ಯ, ಹತ್ತಿರದಿಂದ

ಉಪದೇಶ ಸಾಕು, ಒಂದು ಪ್ಯಾರಾವನ್ನೇ ಬಿಚ್ಚಿ ನೋಡೋಣ. ತೀರಿಹೋದ ದರ್ಜಿಯ ಮಗಳು ಅಂಗಡಿಯನ್ನು ತೆರೆಯುವ ದೃಶ್ಯ. ನನ್ನ ಮೊದಲ ಕರಡು ಹೀಗಿತ್ತು:

“ಸುಮಾ ಭಾರವಾದ ಹೃದಯದಿಂದ ಅಂಗಡಿಯ ಬಾಗಿಲನ್ನು ತೆರೆದಳು. ಅವಳ ತಂದೆ ಒಬ್ಬ ಅತ್ಯುತ್ತಮ ದರ್ಜಿಯಾಗಿದ್ದರು. ಅವರು ತೀರಿಹೋಗಿ ಒಂದು ತಿಂಗಳಾಗಿತ್ತು. ಅಂಗಡಿಯ ಪ್ರತಿಯೊಂದು ವಸ್ತುವೂ ಅವರ ನೆನಪನ್ನು ತರುತ್ತಿತ್ತು. ಅವಳ ಕಣ್ಣುಗಳು ತುಂಬಿ ಬಂದವು.”

ವ್ಯಾಕರಣದ ತಪ್ಪಿಲ್ಲ. ಕಾಗುಣಿತ ಶುದ್ಧ. ಆದರೆ ‘ಪ್ರತಿಯೊಂದು ವಸ್ತು’ ಎಂದು ಬರೆದವನಿಗೆ ಒಂದು ವಸ್ತುವೂ ಕಂಡಿಲ್ಲ ಎಂಬುದು ಈಗ ಓದಿದರೆ ಗೊತ್ತಾಗುತ್ತದೆ. ‘ಭಾರವಾದ ಹೃದಯ’ ಯಾವ ಕನ್ನಡ ಹೆಂಗಸಿನ ಎದೆಯಲ್ಲೂ ಇರುವುದಲ್ಲ. ಶ್ರದ್ಧಾಂಜಲಿ ಸಭೆಯ ಭಾಷಣದಿಂದ ಎದ್ದುಬಂದದ್ದು. ನಾನು ಒಂದು ಶನಿವಾರ ಮನೆಯ ಹತ್ತಿರದ ಟೈಲರ್ ಅಂಗಡಿಯಲ್ಲಿ ಪ್ಯಾಂಟ್ ಗಿಡ್ಡ ಮಾಡಿಸುವ ನೆಪದಲ್ಲಿ ಒಂದು ಗಂಟೆ ಕೂತೆ. ರಸೀದಿ ಪುಸ್ತಕದ ಹಾಳೆಗೆ ಬಟ್ಟೆಯ ಸಣ್ಣ ಚೂರೊಂದನ್ನು ಸೇರಿಸಿ ಸ್ಟೇಪ್ಲರ್ ಹೊಡೆಯುತ್ತಿದ್ದರು. ಅದೊಂದೇ ಸಾಕಾಯಿತು. ನಾಲ್ಕನೆಯ ಕರಡು:

“ಷಟರ್ ಅರ್ಧಕ್ಕೆ ಬಂದು ನಿಂತಿತು. ಅಪ್ಪ ಇಲ್ಲಿ ಎಡಗಾಲಿನಿಂದ ಒಂದು ಸಣ್ಣ ಒದೆ ಕೊಡುತ್ತಿದ್ದರು. ಸುಮಾ ಒದ್ದಳು. ಕದಲಲಿಲ್ಲ. ಬಗ್ಗಿ ಒಳಗೆ ಹೋದಳು. ತಂತಿಯ ಮೇಲೆ ಏಳು ರವಿಕೆ, ಎರಡು ಷರಟು, ಶಾಲೆಯ ಒಂದು ನೀಲಿ ಲಂಗ. ರಸೀದಿ ಪುಸ್ತಕ ತೆರೆದು ನೀಲಿ ಚೂರು ಹೊಡೆದಿದ್ದ ಹಾಳೆ ಹುಡುಕಿದಳು. ಕೊಡಬೇಕಾದ ದಿನ ಕಳೆದು ಇಪ್ಪತ್ತು ದಿನವಾಗಿತ್ತು. ಶಾಲೆ ಶುರುವಾಗಿರಬೇಕು.”

ಏನು ಹೋಯಿತು ನೋಡಿ. ಹೃದಯ ಹೋಯಿತು, ಕಣ್ಣೀರು ಹೋಯಿತು, ‘ಅತ್ಯುತ್ತಮ’ ಹೋಯಿತು. ಅಪ್ಪ ತೀರಿಹೋದರು ಎಂಬ ವಾಕ್ಯವೂ ಹೋಯಿತು; ‘ಕೊಡುತ್ತಿದ್ದರು’ ಎಂಬ ಒಂದೇ ಕ್ರಿಯಾಪದ ಆ ಸುದ್ದಿಯನ್ನು ಹೇಳಿಬಿಡುತ್ತದೆ. ‘ಅವಳ ತಂದೆ’ ಎಂಬುದು ‘ಅಪ್ಪ’ ಆದ ಕೂಡಲೇ ಕ್ಯಾಮೆರಾ ಸುಮಾಳ ಬೆನ್ನ ಹಿಂದಿನಿಂದ ಅವಳ ಕಣ್ಣಿನೊಳಕ್ಕೆ ಬಂತು. ಕನ್ನಡದಲ್ಲಿ ದೃಷ್ಟಿಕೋನವನ್ನು ಸಂಬಂಧವಾಚಕವೊಂದೇ ನಿರ್ಧರಿಸಬಲ್ಲದು: ಅತ್ತೆ ಎನ್ನುತ್ತೀರೋ, ರಾಮುವಿನ ತಾಯಿ ಎನ್ನುತ್ತೀರೋ, ಮುದುಕಿ ಎನ್ನುತ್ತೀರೋ, ಅದರಲ್ಲೇ ನೋಡುವವರು ಯಾರೆಂದು ಗೊತ್ತಾಗುತ್ತದೆ. ಇನ್ನು ಆ ಕೊನೆಯ ಎರಡು ಪದಗಳು. ಯಾವುದೋ ಮಗು ಹಳೆಯ ಲಂಗದಲ್ಲಿ ಶಾಲೆಗೆ ಹೋಗುತ್ತಿದೆ ಎಂದು ಸುಮಾಳಿಗೆ ಹೊಳೆಯುವುದೇ ಕಥೆಯನ್ನು ಮುಂದಕ್ಕೆ ತಳ್ಳಿತು. ಲಂಗವನ್ನು ತಲುಪಿಸಲು ಅವಳು ಹೊರಟಳು. ಮೊದಲ ಕರಡಿನಲ್ಲಿ ಅವಳು ಅತ್ತು ಮನೆಗೆ ಹೋಗಿದ್ದಳು. ತಿದ್ದಿದ್ದು ವಾಕ್ಯವನ್ನು, ಬದಲಾದದ್ದು ಕಥೆ. ಹೀಗಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಕರಡಿನಲ್ಲಿ ಭಾವನೆಯ ಹೆಸರು ಬರುವ ಜಾಗಗಳನ್ನೆಲ್ಲ (ದುಃಖ, ಸಂತೋಷ, ಸಿಟ್ಟು, ನಿಟ್ಟುಸಿರು) ಗುರುತು ಮಾಡಿ. ಅವುಗಳಲ್ಲಿ ಮುಖ್ಯವಾದ ಮೂರನ್ನು ಮಾತ್ರ ಆರಿಸಿ ಈ ರೀತಿ ಬಿಚ್ಚಿ ಬರೆಯಿರಿ. ಎಲ್ಲವನ್ನೂ ಬಿಚ್ಚಿದರೆ ಕಥೆ ಸಾಮಾನು ಪಟ್ಟಿಯಾಗುತ್ತದೆ. ಕೆಲವು ಕಡೆ ‘ಅವಳಿಗೆ ಬೇಸರವಾಯಿತು’ ಎಂದು ಹೇಳಿ ಮುಂದೆ ಹೋಗುವುದೇ ಮರ್ಯಾದೆ.

ಆರನೆಯ ಹೆಜ್ಜೆ: ಕನ್ನಡದ ಕಿವಿಯಿಂದ ವಾಕ್ಯ ತಿದ್ದುವುದು

ಇಲ್ಲಿ ನಿಧಾನವಾಗಿರಿ. ನಮ್ಮಲ್ಲಿ ಬಹುತೇಕರು ದಿನವಿಡೀ ಇಂಗ್ಲಿಷ್ ಇಮೇಲ್ ಬರೆದು ರಾತ್ರಿ ಕನ್ನಡ ಕಥೆಗೆ ಕೂರುವವರು. ಪದಗಳು ಕನ್ನಡವಾಗಿದ್ದರೂ ವಾಕ್ಯದ ಬೆನ್ನುಮೂಳೆ ಇಂಗ್ಲಿಷಿನದೇ ಆಗಿರುತ್ತದೆ. ಅದನ್ನು ಹಿಡಿಯಲು ಕೆಲವು ಗುರುತುಗಳಿವೆ.

‘ಒಂದು’, ‘ಒಬ್ಬ’ಗಳನ್ನು ಸುತ್ತುಹಾಕಿ. ‘ಅವನು ಒಬ್ಬ ಶಿಕ್ಷಕನಾಗಿದ್ದನು’ ಎಂದು ಯಾವ ಊರಿನಲ್ಲೂ ಹೇಳುವುದಿಲ್ಲ. ‘ಅವನು ಮೇಷ್ಟರ ಕೆಲಸದಲ್ಲಿದ್ದ’ ಎನ್ನುತ್ತೇವೆ. ‘ಹೊಂದಿದ್ದಳು’ ಕಂಡರೆ ಅನುಮಾನಪಡಿ. ‘ಅವಳು ಎರಡು ಮಕ್ಕಳನ್ನು ಹೊಂದಿದ್ದಳು’ ಎಂದರೆ ಮಕ್ಕಳು ಆಸ್ತಿಪಾಸ್ತಿಯಾದರು; ‘ಅವಳಿಗೆ ಇಬ್ಬರು ಮಕ್ಕಳು’ ಎಂದರೆ ಕ್ರಿಯಾಪದವೂ ಬೇಡ. ಹಸಿವು, ಜ್ವರ, ಭಯ, ಮಕ್ಕಳು, ಸಾಲ, ಇವೆಲ್ಲ ಕನ್ನಡದಲ್ಲಿ ನಮಗೆ ಬರುವಂಥವು, ನಾವು ಹೊಂದುವಂಥವಲ್ಲ. ‘ಬಾಗಿಲು ಅವನಿಂದ ಮುಚ್ಚಲ್ಪಟ್ಟಿತು’ ಎಂಬುದನ್ನು ಸರ್ಕಾರಿ ಸುತ್ತೋಲೆಗೆ ಬಿಟ್ಟುಕೊಡಿ.

‘ಅವನು’, ‘ಅವಳು’ಗಳನ್ನು ಎಣಿಸಿ. ‘ಬಂದಳು’ ಎಂದ ಮೇಲೆ ಬಂದವಳು ಅವಳೇ ಎಂದು ಕ್ರಿಯಾಪದವೇ ಹೇಳಿದೆ. ಪುಟದಲ್ಲಿ ಇಪ್ಪತ್ತು ಸರ್ವನಾಮಗಳಿದ್ದರೆ ಹದಿನೈದು ತೆಗೆದು ಓದಿ ನೋಡಿ, ಗೊಂದಲವಾದ ಕಡೆ ಮಾತ್ರ ವಾಪಸು ಹಾಕಿ. ಅಂಗಾಂಗಗಳನ್ನು ಕರ್ತೃವಾಗಿಸಬೇಡಿ: ‘ಅವಳ ಕಣ್ಣುಗಳು ಅವನನ್ನು ಹಿಂಬಾಲಿಸಿದವು’ ಎಂದು ಓದಿದಾಗ ನನಗೆ ಎರಡು ಗೋಲಿಗಳು ರಸ್ತೆಯಲ್ಲಿ ಉರುಳಿಹೋದ ಚಿತ್ರ ಬರುತ್ತದೆ. ‘ಅವನು ತಿರುವು ದಾಟುವ ತನಕ ನೋಡುತ್ತ ನಿಂತಳು’ ಎಂದರೆ ಹೆಂಗಸೊಬ್ಬಳು ಕಾಣುತ್ತಾಳೆ.

ಇವು ತೆಗೆಯುವ ಮಾತುಗಳಾದವು. ಕನ್ನಡ ಕೊಡುವುದನ್ನು ಬಳಸಿಕೊಳ್ಳುವುದು ಇನ್ನೂ ಮುಖ್ಯ. ‘ಅವನು ಬಂದ’, ‘ಅವನೂ ಬಂದ’, ‘ಅವನೇ ಬಂದ’, ‘ಅವನೋ ಬಂದ’: ಒಂದೊಂದು ಸ್ವರದಲ್ಲಿ ಒಂದೊಂದು ಕಥೆ. ‘ಬಂದನಂತೆ’ ಎಂದರೆ ಒಂದು ಇಡೀ ಬೀದಿ ಜಗಲಿಯ ಮೇಲೆ ಬಂದು ಕೂರುತ್ತದೆ. ‘ಎದ್ದು, ಮುಖ ತೊಳೆದು, ಕಾಫಿ ಕುಡಿದು, ಚಪ್ಪಲಿ ಮೆಟ್ಟಿ ಹೊರಟ’ ಎಂಬ ಸರಪಳಿಯಲ್ಲಿ ದಿನಚರಿ ಒಂದೇ ಉಸಿರಿಗೆ ಮುಗಿಯುತ್ತದೆ. ಆದರೆ ಮುಖ್ಯವಾದ ಕ್ರಿಯೆಯನ್ನು ಆ ಸರಪಳಿಯೊಳಗೆ ಅಡಗಿಸಿದರೆ ಯಾರಿಗೂ ಕಾಣುವುದಿಲ್ಲ. ‘ಕಾಫಿ ಕುಡಿದು, ಹೆಂಡತಿಗೆ ಹೊಡೆದು, ಚಪ್ಪಲಿ ಮೆಟ್ಟಿ ಹೊರಟ’ ಎಂದು ಬೇಕೆಂದೇ ಬರೆದರೆ ಅದು ಬೇರೆ. ಆಗ ಅಡಗಿಸುವುದೇ ಅವನ ಸ್ವಭಾವದ ಚಿತ್ರವಾಗುತ್ತದೆ.

ನಮ್ಮ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುವುದರಿಂದ ಸಾಲು ಸಾಲಾಗಿ ‘ದಳು, ದಳು, ದಳು’ ಎಂದು ಗಾಡಿಯ ಚಕ್ರದಂತೆ ಬಡಿಯುವ ಅಪಾಯವಿದೆ. ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಮೇಲಿಂದ ಕೆಳಕ್ಕೆ ಓದಿ ನೋಡಿ. ಬಡಿತ ಕೇಳಿಸಿದರೆ ಕ್ರಿಯಾಪದವಿಲ್ಲದ ವಾಕ್ಯ ಒಂದನ್ನು ನಡುವೆ ಇಡಿ, ಇಲ್ಲವೇ ‘ಬರಲಿಲ್ಲ’, ‘ಗೊತ್ತಿಲ್ಲ’, ‘ಇರಬೇಕು’ ಎಂಬಂಥದ್ದನ್ನು ತನ್ನಿ. ಮೇಲಿನ ದರ್ಜಿಯ ಪ್ಯಾರಾದಲ್ಲಿ ತಂತಿಯ ಮೇಲಿನ ರವಿಕೆಗಳ ವಾಕ್ಯಕ್ಕೆ ಕ್ರಿಯಾಪದವಿಲ್ಲ. ‘ಹೋದಳು’ ಮತ್ತು ‘ಹುಡುಕಿದಳು’ ಒಂದಕ್ಕೊಂದು ಡಿಕ್ಕಿ ಹೊಡೆಯದಿರಲೆಂದು ಹಾಗೆ ಬಿಟ್ಟದ್ದು.

ಇಷ್ಟನ್ನೂ ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ. ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ. ನಾಚಿಕೆಯಾದರೆ ಮೊಬೈಲ್‌ನಲ್ಲಿ ಓದಿ ಹೇಳುವ ಸೌಲಭ್ಯದಿಂದ ಕೇಳಿ. ಆ ಯಂತ್ರದ ದನಿಗೆ ನಿಮ್ಮ ಮೇಲೆ ಯಾವ ಪ್ರೀತಿಯೂ ಇರುವುದಿಲ್ಲ, ಹಾಗಾಗಿ ನೀವು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತಿದ್ದ ಭಾವವನ್ನು ಅದು ಸೇರಿಸುವುದಿಲ್ಲ.

ಸಂಭಾಷಣೆಗೆ ಪ್ರತ್ಯೇಕವಾಗಿ ಒಂದು ಸುತ್ತು ಓದಿ. ಹೆಸರುಗಳನ್ನು ಕೈಯಿಂದ ಮುಚ್ಚಿದರೂ ಯಾರ ಮಾತು ಎಂದು ತಿಳಿಯುವಂತಿರಬೇಕು. ಮೈಸೂರು ಕಡೆಯ ಪಾತ್ರ ಮೂರನೆಯ ಪುಟದಲ್ಲಿ ಧಾರವಾಡಕ್ಕೆ ವರ್ಗವಾಗಬಾರದು. ನಿಮಗೆ ಆಡಿ ಗೊತ್ತಿಲ್ಲದ ಕನ್ನಡವನ್ನು ಸಿನಿಮಾ ನೋಡಿ ಬರೆಯುವುದಕ್ಕಿಂತ ಗ್ರಾಂಥಿಕದಲ್ಲೇ ಬರೆಯುವುದು ಗೌರವ. ‘ನೀನು’ ಮತ್ತು ‘ನೀವು’ ಎಲ್ಲಿ ಬದಲಾಗುತ್ತವೆ ಎಂದು ಗಮನಿಸಿ. ಗಂಡನಿಗೆ ಇಪ್ಪತ್ತು ವರ್ಷ ‘ನೀವು’ ಎಂದವಳು ಒಂದು ಸಂಜೆ ‘ನೀನು’ ಎಂದರೆ ಅಲ್ಲಿಗೆ ಜಗಳದ ವರ್ಣನೆ ಬೇಕಾಗಿಯೇ ಇಲ್ಲ.

ಕಾಗುಣಿತ ಕಟ್ಟಕಡೆಗೆ. ಕೋಟ್ಯಾಂತರ ಅಲ್ಲ, ಕೋಟ್ಯಂತರ. ಜಾತ್ಯಾತೀತ ಅಲ್ಲ, ಜಾತ್ಯತೀತ. ಲ-ಳ, ನ-ಣ, ಶ-ಷ, ಅ-ಹಗಳನ್ನು ನೋಡಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಕಡತದಿಂದ ಯೂನಿಕೋಡಿಗೆ ಪರಿವರ್ತಿಸಿದ್ದರೆ ಒತ್ತಕ್ಷರ ಮತ್ತು ಅರ್ಕಾವೊತ್ತುಗಳು ಸರಿಯಾಗಿ ಕೂತಿವೆಯೇ ಎಂದು ಸಾಲು ಸಾಲಾಗಿ ಪರಿಶೀಲಿಸಿ.

ಏಳನೆಯ ಹೆಜ್ಜೆ: ಇಬ್ಬರು ಓದುಗರು

ಇಬ್ಬರು ಸಾಕು. ಒಬ್ಬರು ಕಥೆ ಬರೆಯುವವರಾಗಿರಲಿ, ಇನ್ನೊಬ್ಬರು ಎಂದೂ ಬರೆಯದವರಾಗಿರಲಿ. ‘ಹೇಗಿದೆ?’ ಎಂದು ಕೇಳಬೇಡಿ. ‘ಚೆನ್ನಾಗಿದೆ’ ಎಂಬುದನ್ನು ಬಿಟ್ಟು ಬೇರೆ ಉತ್ತರಕ್ಕೆ ನಮ್ಮ ಸಂಕೋಚ ಎಡೆಗೊಡುವುದಿಲ್ಲ. ಎಲ್ಲಿ ನಿಲ್ಲಿಸಿ ಎದ್ದು ಹೋಗಬೇಕು ಅನ್ನಿಸಿತು, ಯಾವ ಸಾಲನ್ನು ಎರಡು ಸಲ ಓದಬೇಕಾಯಿತು ಎಂದು ಕೇಳಿ. ಆಮೇಲೆ ಕಥೆಯನ್ನು ಅವರ ಬಾಯಿಂದ ಹೇಳಿಸಿ. ಅವರು ಬಿಟ್ಟದ್ದು ಬಹುಶಃ ಕಥೆಗೆ ಬೇಡ. ಅವರು ತಾವಾಗಿ ಸೇರಿಸಿದ್ದು ಬಹುಶಃ ಬೇಕು.

ನನ್ನ ಎರಡನೆಯ ಓದುಗರು ನಮ್ಮ ಅತ್ತಿಗೆ. ಹುಡುಗಿಯೊಬ್ಬಳು ಮನೆ ಬಿಟ್ಟು ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಸ್ಸುಗಳಲ್ಲಿ ಅಲೆಯುವ ಕಥೆಯನ್ನು ಅವರಿಗೆ ಕೊಟ್ಟಿದ್ದೆ. ಸಂಕೇತ, ಸ್ವಾತಂತ್ರ್ಯ ಎಂದೆಲ್ಲ ನನ್ನ ತಲೆಯಲ್ಲಿತ್ತು. ಓದಿ ಮುಗಿಸಿ ಕನ್ನಡಕ ತೆಗೆದು ಅವರು ಕೇಳಿದ್ದು ಒಂದೇ: “ಅವಳು ಊಟ ಮಾಡಿದಳೇ?” ಮಾಡಿರಲಿಲ್ಲ. ಹನ್ನೆರಡು ಪುಟಗಳಲ್ಲಿ ಒಂದು ಲೋಟ ನೀರನ್ನೂ ನಾನು ಅವಳಿಗೆ ಕೊಟ್ಟಿರಲಿಲ್ಲ. ಊಟಕ್ಕೆ ಕೂರಿಸಿದೆ, ದುಡ್ಡು ಎಣಿಸಬೇಕಾಯಿತು, ಎಣಿಸಿದಾಗ ವಾಪಸು ಹೋಗುವಷ್ಟು ಉಳಿದಿಲ್ಲ ಎಂದು ಅವಳಿಗೂ ನನಗೂ ಒಟ್ಟಿಗೆ ಗೊತ್ತಾಯಿತು. ಕಥೆಯ ತಿರುವು ಅಲ್ಲಿತ್ತು.

ಓದುಗರು ‘ಇಲ್ಲಿ ಏನೋ ಸರಿಯಿಲ್ಲ’ ಎಂದರೆ ನಂಬಿ. ‘ಹೀಗೆ ಮಾಡು’ ಎಂದರೆ ನಂಬಬೇಡಿ. ನೋವು ಎಲ್ಲಿದೆ ಎಂದು ರೋಗಿಗೆ ಗೊತ್ತು, ಮದ್ದು ಗೊತ್ತಿರುವುದಿಲ್ಲ. ವಾದಕ್ಕಂತೂ ಇಳಿಯಬೇಡಿ. ‘ನಾನು ಹೇಳಲು ಹೊರಟಿದ್ದೇನೆಂದರೆ’ ಎಂದು ಬಾಯಿ ತೆರೆಯುವ ಪರಿಸ್ಥಿತಿ ಬಂದರೆ, ಆ ಮಾತು ಕಥೆಯಲ್ಲಿ ಬಂದಿಲ್ಲ ಎಂದೇ ಲೆಕ್ಕ.

ಎಂಟನೆಯ ಹೆಜ್ಜೆ: ಕೈ ಬಿಡುವುದು

ತಿದ್ದುವುದಕ್ಕೆ ಕೊನೆ ಎಲ್ಲಿ? ನನ್ನ ಲೆಕ್ಕ ಸರಳ. ನಿನ್ನೆ ತೆಗೆದ ಅಲ್ಪವಿರಾಮವನ್ನು ಇಂದು ವಾಪಸು ಹಾಕುತ್ತಿದ್ದೇನೆ ಎಂದಾದರೆ ಮುಗಿಯಿತು. ಪ್ರತಿ ಕರಡನ್ನೂ ದಿನಾಂಕದ ಹೆಸರಿನಲ್ಲಿ ಬೇರೆ ಬೇರೆಯಾಗಿ ಉಳಿಸಿಕೊಳ್ಳಿ. ಮೂರನೆಯ ಕರಡಿನ ಒಂದು ವಾಕ್ಯ ಏಳನೆಯದಕ್ಕಿಂತ ಚೆನ್ನಾಗಿತ್ತು ಎಂದು ರಾತ್ರಿ ಎರಡಕ್ಕೆ ನೆನಪಾಗುವುದುಂಟು.

ಕಳುಹಿಸುವ ಮೊದಲು ಆ ಪತ್ರಿಕೆಯ ಕಡೆಯ ನಾಲ್ಕಾರು ಸಂ‌ಚಿಕೆಗಳ ಕಥೆಗಳನ್ನು ಓದಿ. ವಾರಪತ್ರಿಕೆಯ ಕಥೆಯ ಉದ್ದ ಬೇರೆ, ಮಾಸಿಕದ್ದು ಬೇರೆ, ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳ ಪದಮಿತಿ ಬೇರೆ. ಮಿತಿ ಮೀರಿದ ಕಥೆಯನ್ನು ಚೆನ್ನಾಗಿದೆಯೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ. ಮಿತಿಗಾಗಿ ಐನೂರು ಪದ ಕಡಿದ ಕಥೆ ಮೊದಲಿಗಿಂತ ಚೆನ್ನಾಗಿದ್ದದ್ದನ್ನು ನಾನು ಕಂಡಿದ್ದೇನೆ. ಒಂದೇ ಕಥೆಯನ್ನು ಒಟ್ಟಿಗೆ ಎರಡು ಕಡೆ ಕಳುಹಿಸಬೇಡಿ. ಕಳುಹಿಸಿದ ದಿನಾಂಕವನ್ನು ಓದಿನ ಪುಸ್ತಕದಲ್ಲೇ ಬರೆದಿಟ್ಟು, ಮೂರು ತಿಂಗಳು ಆ ಹಾಳೆಯ ಕಡೆ ನೋಡಬೇಡಿ. ಅಷ್ಟರಲ್ಲಿ ಮುಚ್ಚಿಟ್ಟಿದ್ದ ಇನ್ನೊಂದು ಕರಡು ಹುದುಗು ಬಂದಿರುತ್ತದೆ.

ದರ್ಜಿಯ ಕಥೆ ಇನ್ನೂ ನನ್ನ ಬಳಿಯೇ ಇದೆ. ಒಂಬತ್ತನೆಯ ಕರಡು. ಲಂಗ ಹಿಡಿದು ಹೊರಟ ಸುಮಾ ಆ ಮನೆಯ ಬಾಗಿಲಿಗೆ ಬಂದು ನಿಂತಿದ್ದಾಳೆ. ಬಾಗಿಲು ತೆರೆಯುವವರು ಯಾರೆಂದು ಎರಡು ಸಲ ಬದಲಾಯಿಸಿದ್ದೇನೆ, ಇನ್ನೂ ಸರಿಹೋಗಿಲ್ಲ. ಪ್ಯಾಂಟ್ ಇನ್ನೊಂದು ಇಂಚು ಗಿಡ್ಡ ಮಾಡಿಸಬೇಕಾಗಬಹುದು.